ಬನಿಯನ್ ಅಗ್ಗವಾದದ್ದು ಯಾರ ಲೆಕ್ಕದಲ್ಲಿ?

ನಮ್ಮ ಬ್ಯಾರಿಗಳ ಬಟ್ಟೆ ಅಂಗಡಿಗಳಿಗೆ ತಿರುಪ್ಪೂರು ಹೊಸ ಹೆಸರಲ್ಲ. ಬನಿಯನ್, ಟೀ ಶರ್ಟ್, ಮಕ್ಕಳ ಚಡ್ಡಿ ಎಂದರೆ ಮಾಲು ಅಲ್ಲಿಂದಲೇ ಬರಬೇಕು. ನಾನೂ ಈ ವ್ಯಾಪಾರದ ಅನ್ನ ಉಂಡವನು. ಮಾಲು ಕೊಳ್ಳುವಾಗ ನಾವು ದರ ಕೇಳುತ್ತೇವೆ, ಬಣ್ಣ ಬಿಡುತ್ತದೆಯೇ ಎಂದು ಕೇಳುತ್ತೇವೆ. ಬಟ್ಟೆಗೆ ಬಣ್ಣ ಹಾಕಿದ ನೀರು ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನು ಈಗ ಕೇಳಬೇಕು ಎಂದು ನನ್ನ ಅಭಿಪ್ರಾಯ. ಅದರ ಉತ್ತರದಲ್ಲಿ ನಮ್ಮ ನೇತ್ರಾವತಿಗೂ ಫಲ್ಗುಣಿಗೂ ಪಾಠವಿದೆ.

ತಿರುಪ್ಪೂರಿನ ನದಿಯ ಹೆಸರು ನೊಯ್ಯಲ್. ಪಶ್ಚಿಮ ಘಟ್ಟದ ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರು ದಾಟಿ, ಮುಂದೆ ಕರೂರಿನ ಕಡೆ ಕಾವೇರಿ ಸೇರುತ್ತದೆ. ಮಳೆ ಕಡಿಮೆ ಬೀಳುವ ಆ ಸೀಮೆಯಲ್ಲಿ ಹಿಂದಿನವರು ನದಿಗೆ ಒಡ್ಡು ಕಟ್ಟಿ, ಕಾಲುವೆ ತೋಡಿ, ಸಾಲು ಸಾಲು ಕೆರೆಗಳಿಗೆ ನೀರು ಹಾಯಿಸಿದ್ದರು. ಒಂದು ಕೆರೆ ತುಂಬಿದರೆ ಕೋಡಿ ಬಿದ್ದ ನೀರು ಮುಂದಿನ ಕೆರೆಗೆ. ಬಾವಿಯಲ್ಲಿ ನೀರು, ಕೆರೆಯಲ್ಲಿ ಮೀನು, ದಂಡೆಯಲ್ಲಿ ಹಕ್ಕಿ, ಎಲ್ಲವೂ ಆ ಒಂದು ಏರ್ಪಾಡಿನಿಂದ.

ಬನಿಯನ್ ಉದ್ಯಮ ಬೆಳೆದಂತೆ ಬಣ್ಣದ ಘಟಕಗಳೂ ನೂರಾರು ಆದವು. ಹತ್ತಿಗೆ ಬಣ್ಣ ಹಿಡಿಯಬೇಕಾದರೆ ನೀರಿನ ಜೊತೆ ರಾಶಿ ರಾಶಿ ಉಪ್ಪು ಬೇಕು. ಬಣ್ಣವನ್ನು ಹೇಗೋ ತೆಗೆಯಬಹುದು, ನೀರಿನಲ್ಲಿ ಕರಗಿದ ಉಪ್ಪನ್ನು ಸಾಮಾನ್ಯ ಶುದ್ಧೀಕರಣ ಘಟಕ ತೆಗೆಯಲಾರದು. ಆ ಉಪ್ಪು ನೀರು ನದಿಗೆ ಹರಿಯಿತು. 1992ರ ಹೊತ್ತಿಗೆ ಹೊಲಗಳಿಗೆ ನೀರು ಕೊಡಲೆಂದು ಒರತ್ತುಪಾಳಯಂ ಎಂಬಲ್ಲಿ ಅಣೆಕಟ್ಟು ಎದ್ದಿತು. ಕೆಲವೇ ವರ್ಷಗಳಲ್ಲಿ ಅದು ಬಣ್ಣದ ಕೊಳಚೆಯ ತೊಟ್ಟಿಯಾಯಿತು. ನಮ್ಮ ಹೊಲಕ್ಕೆ ಈ ನೀರು ಬೇಡವೇ ಬೇಡ ಎಂದು ರೈತರೇ ಹೇಳುವ ಸ್ಥಿತಿ ಬಂತು.

ರೈತರು ಕೋರ್ಟಿಗೆ ಹೋದರು. ಹನಿ ಕೊಳಚೆಯೂ ಹೊರಗೆ ಬಿಡಬಾರದು, ಬಳಸಿದ ನೀರನ್ನು ಶುದ್ಧ ಮಾಡಿ ಮತ್ತೆ ಬಳಸಬೇಕು ಎಂಬ ನಿಯಮ ಬಂತು. ಹಾಳು ಮಾಡಿದವರೇ ನಷ್ಟ ತುಂಬಬೇಕು ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಆದರೂ ಕೊಳಚೆ ನಿಲ್ಲದಿದ್ದಾಗ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ನಿಯಮ ಪಾಲಿಸದ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಿತು. ಸಾವಿರಾರು ಕೂಲಿಯವರ ಕೆಲಸ ಹೋಯಿತು. ಈ ಸಂಕಟವನ್ನು ಮರೆತು ಪರಿಸರದ ಮಾತಾಡುವುದು ಸರಿಯಲ್ಲ.

ಆದರೆ "ನದಿ ನೋಡಿದರೆ ಹೊಟ್ಟೆ ತುಂಬುತ್ತದೆಯೇ" ಎಂದು ಕೇಳುವವರು ಮುಂದಿನದನ್ನೂ ನೋಡಬೇಕು. ತಿರುಪ್ಪೂರು ಮುಚ್ಚಿ ಹೋಗಲಿಲ್ಲ. ಸರ್ಕಾರ ಬಡ್ಡಿಯಿಲ್ಲದ ಸಾಲ ಕೊಟ್ಟಿತು, ಘಟಕಗಳು ಹೊಸ ಯಂತ್ರ ಹಾಕಿದವು. ಈಗ ಅಲ್ಲಿ ಬಣ್ಣದ ನೀರಿನ ಬಹುಪಾಲನ್ನೂ ಉಪ್ಪನ್ನೂ ಹಿಂದಕ್ಕೆ ಪಡೆದು ಮತ್ತೆ ಬಳಸುತ್ತಾರೆ. ರಫ್ತು ಆಮೇಲೆ ಬೆಳೆಯಿತು. ಇದೇ ಕೆಲಸ ಮೊದಲೇ ಆಗಿದ್ದರೆ ಕೂಲಿಯವನ ಮನೆಯ ಒಲೆ ಆರುತ್ತಿರಲಿಲ್ಲ, ರೈತನ ಬಾವಿಯೂ ಉಪ್ಪಾಗುತ್ತಿರಲಿಲ್ಲ. ಅಗ್ಗದ ಬನಿಯನ್ನಿನ ಉಳಿದ ಬೆಲೆಯನ್ನು ಇವರಿಬ್ಬರೇ ಕಟ್ಟಿದರು.

ಅದೇ ತಿರುಪ್ಪೂರಿನ ಪಕ್ಕದಲ್ಲಿ ನಂಜರಾಯನ್ ಕೆರೆ ಇದೆ. ಶತಮಾನಗಳ ಹಿಂದೆ ಅದನ್ನು ದುರಸ್ತಿ ಮಾಡಿಸಿದ ನಂಜರಾಯನ್ ಎಂಬ ಅರಸನ ಹೆಸರೇ ಕೆರೆಗೆ ಉಳಿದಿದೆ. ಸುಮಾರು 125 ಹೆಕ್ಟೇರಿನ ಈ ಕೆರೆ 2022ರಲ್ಲಿ ತಮಿಳುನಾಡಿನ 17ನೇ ಪಕ್ಷಿಧಾಮವಾಯಿತು, 2024ರ ಆಗಸ್ಟ್‌ನಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿತು. ಅಲ್ಲಿ 191 ಜಾತಿಯ ಹಕ್ಕಿ, 87 ಜಾತಿಯ ಚಿಟ್ಟೆ, 21 ಜಾತಿಯ ಹಾವು, ಹಲ್ಲಿಯಂಥ ಸರೀಸೃಪಗಳು ದಾಖಲಾಗಿವೆ. ಅರಣ್ಯ ಇಲಾಖೆಯ ಜೊತೆ ಸುತ್ತಲಿನ ಜನರೂ ಸೇರಿ ಕಾಯುತ್ತಿದ್ದಾರೆ. ಗಿರಣಿ, ಗೋದಾಮುಗಳ ನಡುವೆಯೂ ಹಕ್ಕಿ ಬರುತ್ತದೆ. ಅದಕ್ಕೆ ಬೇಕಾದದ್ದು ಕಾಲು ಮುಳುಗುವಷ್ಟು ಆಳದ ನೀರು, ಕೆಸರಿನ ದಂಡೆ, ಜೊಂಡು, ತಿನ್ನಲು ಮೀನು ಮತ್ತು ಹುಳ.

ಕೊಯಮತ್ತೂರಿನಲ್ಲಿ ಇನ್ನೊಂದು ಬಗೆಯ ಕೆಲಸವೂ ನಡೆದಿದೆ. ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಉಕ್ಕಡಂನ ಪೆರಿಯಕುಳಂ ಮುಂತಾದ ಕೆರೆಗಳ ಸುತ್ತ ನಡೆಯುವ ದಾರಿ, ದೀಪ, ಕೂರುವ ಜಾಗ ಬಂದವು. ಸಂಜೆ ಹೆಂಡತಿ ಮಕ್ಕಳ ಜೊತೆ ಹೋಗಿ ಕೂರಲು ಚೆನ್ನಾಗಿದೆ, ಅದನ್ನು ಬೇಡ ಎನ್ನುವುದಿಲ್ಲ. ಆದರೆ ಅದನ್ನು ಕೆರೆಯ ಪುನಶ್ಚೇತನ ಎಂದು ಕರೆಯುವುದಕ್ಕೆ ನನ್ನ ತಕರಾರಿದೆ. ದಂಡೆಗೆ ಕಲ್ಲು, ಕಾಂಕ್ರೀಟ್ ಕಟ್ಟಿದರೆ ಕಪ್ಪೆ, ಆಮೆಗಳಿಗೆ ಹತ್ತಿ ಇಳಿಯಲು ಜಾಗವಿಲ್ಲ, ಮೀನು ಮೊಟ್ಟೆ ಇಡುವ ಜೊಂಡೂ ಇಲ್ಲ. ಒಳಗೆ ಚರಂಡಿ ನೀರು ಬರುತ್ತಲೇ ಇದ್ದರೆ ಉಳಿಯುವುದು ಹೊಲಸು ತಡೆದುಕೊಳ್ಳುವ ತಿಲಾಪಿಯ, ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ. ಅದೇ ಊರಿನಲ್ಲಿ ಭಾನುವಾರ ರಜೆಯ ದಿನ ಬಂದು ಕಾಲುವೆಯ ಹೂಳೆತ್ತಿ, ಬಳ್ಳಾರಿ ಜಾಲಿ ಕಡಿದು ಕೆರೆಗೆ ನೀರಿನ ದಾರಿ ಬಿಡಿಸುವ ಸ್ವಯಂಸೇವಕರಿದ್ದಾರೆ. ಪುನಶ್ಚೇತನ ಎಂಬ ಮಾತು ಅವರ ಕೆಲಸಕ್ಕೆ ಸಲ್ಲುತ್ತದೆ.

ಇಷ್ಟಾದರೂ ನೊಯ್ಯಲ್ ಇನ್ನೂ ಶುದ್ಧವಾಗಿಲ್ಲ. ಎರಡು ದೊಡ್ಡ ಊರುಗಳ ಚರಂಡಿ ಇನ್ನೂ ಅದಕ್ಕೇ ಸೇರುತ್ತಿದೆ. ನದಿಯನ್ನು ಕೆಡಿಸಲು ಇಪ್ಪತ್ತು ವರ್ಷ ಸಾಕು, ಸರಿ ಮಾಡಲು ಅಷ್ಟು ಸಾಲದು.

ಈಗ ನಮ್ಮ ಊರಿಗೆ ಬನ್ನಿ. ಉಳ್ಳಾಲ, ಬೆಂಗ್ರೆ, ಕೂಳೂರು, ಗುರುಪುರ, ಪಾಣೆಮಂಗಳೂರು, ಬಂಟ್ವಾಳ ಎಲ್ಲವೂ ಹೊಳೆ ದಂಡೆಯ ಊರುಗಳು, ನಮ್ಮವರು ತಲೆಮಾರುಗಳಿಂದ ಬಾಳಿದ ಊರುಗಳು. ದೋಣಿ, ಮೀನು, ಮರುವಾಯಿ, ಮರಳು, ಬಾವಿ ನೀರು ಎಲ್ಲಕ್ಕೂ ಹೊಳೆಯೇ ಆಧಾರ. ಫಲ್ಗುಣಿಯಲ್ಲಿ ನೀರು ಕಪ್ಪಾಗಿ ಮೀನು ಸತ್ತು ತೇಲಿದ ಸುದ್ದಿ ನಾವು ಓದಿದ್ದೇವೆ. ನೇತ್ರಾವತಿಯ ದಂಡೆಯಲ್ಲಿ ಸ್ಮಾರ್ಟ್ ಸಿಟಿಯ ನಡೆಯುವ ದಾರಿಯೂ ಬಂದಿದೆ. ತಿರುಪ್ಪೂರಿನ ತಪ್ಪು, ಕೊಯಮತ್ತೂರಿನ ಅಲಂಕಾರ, ಎರಡೂ ನಮ್ಮ ಮನೆ ಬಾಗಿಲಲ್ಲೇ ಇವೆ. ನಮ್ಮದೇ ಕರಾವಳಿಯ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಆ ಹೊಳೆಗೆ ಇಂದಿಗೂ ದೊಡ್ಡ ಅಣೆಕಟ್ಟಿಲ್ಲ, ಅಳಿವೆಯ ಚಿಪ್ಪುಮೀನು ಇಂದಿಗೂ ಸಾವಿರಾರು ಮನೆಗಳ ದುಡಿಮೆ.

ಹಾಗಾಗಿ ನನ್ನ ಮಾತು ಇಷ್ಟೇ. ಹೊಳೆ ದಂಡೆಯಲ್ಲಿ ಯಾವುದೇ ಯೋಜನೆ ಬಂದರೂ ನಮ್ಮ ಜಮಾಅತ್, ವ್ಯಾಪಾರಿ ಸಂಘ, ಪಂಚಾಯತ್ ಸದಸ್ಯರು ಮೂರು ಪ್ರಶ್ನೆ ಕೇಳಲಿ. ಈ ಜಾಗಕ್ಕೆ ಬೀಳುವ ಚರಂಡಿ ಮತ್ತು ಕಾರ್ಖಾನೆ ನೀರನ್ನು ಮೊದಲು ತಡೆಯುತ್ತೀರಾ? ಕಾಂಡ್ಲ ಗಿಡ, ಕೆಸರು ದಂಡೆ ಹಾಗೆಯೇ ಉಳಿಯುತ್ತದೆಯೇ? ಬಲೆ ಬೀಸುವವನನ್ನು, ಮರುವಾಯಿ ಹೆಕ್ಕುವ ಹೆಂಗಸನ್ನು ಕೂರಿಸಿ ಕೇಳಿದ್ದೀರಾ? ಉತ್ತರ ಬರವಣಿಗೆಯಲ್ಲಿ ಬರಲಿ. ತಿರುಪ್ಪೂರಿನಿಂದ ಮಾಲು ತರುವ ನಮ್ಮ ವ್ಯಾಪಾರಿಗಳು ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಲಿ: ಬಣ್ಣ ಹಾಕಿದ ಘಟಕ ನೀರನ್ನು ಮರುಬಳಕೆ ಮಾಡುತ್ತದೆಯೇ? ಗಿರಾಕಿ ಕೇಳುವುದನ್ನು ಮಾರುವವನು ಕಲಿಯುತ್ತಾನೆ. ಅಲ್ಲಿ ನಾವೇ ಗಿರಾಕಿಗಳು.