ಇಕ್ಕಟ್ಟಾದ ಗೋದಾಮಿಗೆ ಫೋರ್ಕ್‌ಲಿಫ್ಟ್: ಕೊಳ್ಳುವ ಮುನ್ನ

ರೋಣ, ನರಗುಂದ, ಗಜೇಂದ್ರಗಡಗಳ ಹಳೆಯ ಗೋದಾಮುಗಳು ಹಮಾಲರ ನಡಿಗೆಗೆ ತಕ್ಕಂತೆ ಕಟ್ಟಿದವು. ಯಂತ್ರ ತಿರುಗಲೆಂದು ಅಲ್ಲ. ಸಾಮಾನ್ಯ ಫೋರ್ಕ್‌ಲಿಫ್ಟಿಗೆ ದಾಸ್ತಾನಿನ ಸಾಲುಗಳ ನಡುವೆ ಸುಮಾರು ಮೂರೂವರೆ ಮೀಟರ್ ಓಣಿ ಬೇಕು. ನಡುವೆ ಬಾಗುವ ಆರ್ಟಿಕ್ಯುಲೇಟೆಡ್ ಮಾದರಿಗೆ ಎರಡು ಮೀಟರ್ ಸಾಕು. 20 ಮೀಟರ್ ಉದ್ದದ ಗೋದಾಮಿನಲ್ಲಿ ಪ್ರತಿ ಓಣಿಗೆ 30 ಚದರ ಮೀಟರ್ ಜಾಗ ಉಳಿಯುತ್ತದೆ. ಆಕರ್ಷಕ ಲೆಕ್ಕವೇ ಸರಿ. ಆದರೆ ಇದೊಂದನ್ನೇ ನಂಬಿ ಮುಂಗಡ ಕೊಡುವುದು ಆತುರವೆನಿಸೀತು.

ಈ ಭಾಗದ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವಂಥದು. ತಗ್ಗುದಿಣ್ಣೆಯಾದ ನೆಲದ ಮೇಲೆ ಭಾರವನ್ನು ಎತ್ತರಕ್ಕೆತ್ತಿದ ಯಂತ್ರ ವಾಲಿದರೆ ಪ್ರಾಣಾಪಾಯ. ಆದ್ದರಿಂದ ನೆಲ ಸರಿಪಡಿಸುವ ವೆಚ್ಚವನ್ನೂ ಯಂತ್ರದ ಬೆಲೆಗೆ ಸೇರಿಸಿಯೇ ನೋಡತಕ್ಕದ್ದು.

ಇನ್ನು ತೆರಿಗೆ. ಫೋರ್ಕ್‌ಲಿಫ್ಟಿನ ಮೇಲೆ ಶೇ. 18 ಜಿ.ಎಸ್.ಟಿ. ಇದೆ. ಅರಳೆ ಮಾರುವ ಜಿನ್ನಿಂಗ್ ಮಾಲೀಕರಿಗೆ ಇದು ಹೂಡುವಳಿ ತೆರಿಗೆಯಾಗಿ ಜಮೆ ದೊರೆಯುತ್ತದೆ. ಬಿಡಿ ಕಡಲೆಯನ್ನಷ್ಟೇ ಮಾರುವವರಿಗೆ ದೊರೆಯದು. ಅವರ ಸರಕಿಗೇ ತೆರಿಗೆಯಿಲ್ಲವಲ್ಲ! ಹತ್ತು ಲಕ್ಷದ ಯಂತ್ರ ಅವರಿಗೆ 11.80 ಲಕ್ಷವಾಗುತ್ತದೆ. (ಆ ಹೆಚ್ಚಳದ ಮೇಲೂ ಸವಕಳಿ ಪಡೆಯಬಹುದೆಂಬುದೊಂದೇ ಸಮಾಧಾನ.)

ಸುಮಾರು 170 ಕೆ.ಜಿ. ತೂಗುವ ಅರಳೆ ಬೇಲಿಗೆ ಯಂತ್ರ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ 50 ಕೆ.ಜಿ. ಕಡಲೆ ಚೀಲಗಳನ್ನು ಪ್ಯಾಲೆಟ್ ಮೇಲೆ ಪೇರಿಸಲು ಹೇಗೂ ಹಮಾಲರೇ ಬೇಕು. ಕೂಲಿ ಪೂರ್ತಿ ಉಳಿಯದು. ಅಂಥ ವರ್ತಕರು ಹಿಂದೆ ನಡೆಯುತ್ತ ನಡೆಸುವ ಬ್ಯಾಟರಿ ಸ್ಟ್ಯಾಕರನ್ನು ಮೊದಲು ವಿಚಾರಿಸುವುದು ಲೇಸು. ಅದಕ್ಕೆ ಎರಡೂವರೆ ಮೀಟರ್ ಓಣಿ ಸಾಕು, ಬೆಲೆಯೂ ಬಹಳ ಕಡಿಮೆ.