ಗಾಡಿ ತಪ್ಪಿದರೆ ಮುಂದೇನು?



ಪರೀಕ್ಷೆಗಳು ಮುಗಿದವು. ಇನ್ನು ನಿಮ್ಮಲ್ಲಿ ಹಲವರು ಊರಿಗೆ ಹೊರಡುತ್ತೀರಿ. ಈವರೆಗೆ ಅಪ್ಪ ಟಿಕೆಟ್ ತೆಗೆಸುತ್ತಿದ್ದರು, ಅಮ್ಮ ಬುತ್ತಿ ಕಟ್ಟುತ್ತಿದ್ದರು, ನೀವು ಕಿಟಕಿಯ ಪಕ್ಕದ ಜಾಗಕ್ಕೆ ಜಗಳವಾಡುತ್ತಿದ್ದಿರಿ. ಈ ಸಲ ಕೆಲವರು ಮೊದಲ ಬಾರಿಗೆ ಒಬ್ಬರೇ ಹೊರಟಿದ್ದೀರಿ ಎಂದು ಕೇಳಿದೆ. ಸಂತೋಷ. ಆದರೆ ನಮ್ಮ ಊರುಗಳೆಲ್ಲ ಒಂದೇ ಗಾಡಿಯಲ್ಲಿ ಸಿಕ್ಕುವಂಥವಲ್ಲ. ನಡುವೆ ಎಲ್ಲೋ ಇಳಿಯಬೇಕು, ಇನ್ನೊಂದು ಗಾಡಿ ಹಿಡಿಯಬೇಕು. ಈ ತಿಂಗಳ ಮಾತು ಅದರ ಬಗ್ಗೆಯೇ.

ಮೊದಲು ನನ್ನದೇ ಪೆದ್ದುತನದ ಕಥೆ ಹೇಳಿಬಿಡುತ್ತೇನೆ.

1986ರಲ್ಲಿ ನನಗೆ ಇಪ್ಪತ್ತು ವರ್ಷ. ಕೊಪ್ಪಳದಲ್ಲಿ ನನ್ನ ದೊಡ್ಡಪ್ಪನ ಮಗಳ ಮದುವೆ. ಅಕ್ಕನಿಗೆ ಒಡಹುಟ್ಟಿದ ತಮ್ಮಂದಿರಿಲ್ಲ. ಲಾಜಾಹೋಮದಲ್ಲಿ ಮದುಮಗಳ ಬೊಗಸೆಗೆ ಅರಳು ಹಾಕುವುದು ಅಣ್ಣ-ತಮ್ಮಂದಿರ ಕೆಲಸ. "ನೀನ ಬರಬೇಕೋ ತಮ್ಮಾ" ಎಂದು ಅಕ್ಕ ಕಾಗದ ಬರೆದಿದ್ದಳು. ಆಗ ಮುಂಬಯಿಯಿಂದ ಮೀರಜಿನವರೆಗೆ ಬ್ರಾಡ್‌ಗೇಜ್, ಅಲ್ಲಿಂದ ಹುಬ್ಬಳ್ಳಿ ಕಡೆಗೆ ಮೀಟರ್‌ಗೇಜ್. ಒಂದು ಹಳಿಗೆ 1676 ಮಿಲಿಮೀಟರ್ ಅಗಲ, ಇನ್ನೊಂದಕ್ಕೆ 1000. ಒಂದರ ಗಾಡಿ ಇನ್ನೊಂದರ ಮೇಲೆ ಓಡುವಂತಿಲ್ಲ. ಹಾಗಾಗಿ 1990ರ ದಶಕದಲ್ಲಿ ಹಳಿ ಬದಲಾಗುವ ತನಕ ನಮ್ಮ ಕಡೆಯ ಮುಂಬಯಿ ಕನ್ನಡಿಗರೆಲ್ಲ ಟ್ರಂಕು, ಹಾಸಿಗೆ ಸುರುಳಿ, ಮಕ್ಕಳು-ಮರಿ ಸಮೇತ ಮೀರಜಿನಲ್ಲಿ ಇಳಿದು ಗಾಡಿ ಬದಲಿಸಿದವರೇ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಮೀರಜ್ ಎಂದೊಡನೆ ಒಂದು ಗಂಟೆ ಮಾತಾಡುತ್ತಾರೆ.

ನಾನು ವೇಳಾಪಟ್ಟಿ ನೋಡಿ, ಮೀರಜಿನಲ್ಲಿ ನಲವತ್ತು ನಿಮಿಷ ಸಿಗುತ್ತದೆ, ಧಾರಾಳವಾಯಿತು ಎಂದುಕೊಂಡೆ. ಗಾಡಿ ಐವತ್ತೈದು ನಿಮಿಷ ತಡವಾಯಿತು. ನಾನು ಸೇತುವೆ ದಾಟಿ ಓಡುವಾಗ ಮೀಟರ್‌ಗೇಜ್ ಗಾಡಿಯ ಹಿಂದಿನ ಕೆಂಪು ದೀಪ ಮಾತ್ರ ಕಾಣಿಸಿತು. ಮುಂದಿನ ಗಾಡಿ ಯಾವಾಗ ಎಂದು ನಾನು ನೋಡಿಯೇ ಇರಲಿಲ್ಲ. ಕೊಪ್ಪಳ ತಲುಪಿದಾಗ ಮಧ್ಯಾಹ್ನ ನಾಲ್ಕು ಗಂಟೆ. ಚಪ್ಪರದಲ್ಲಿ ಎಲೆ ಎತ್ತುತ್ತಿದ್ದರು. ಅರಳನ್ನು ಪಕ್ಕದ ಮನೆಯ ಹುಡುಗನಿಂದ ಹಾಕಿಸಿದ್ದರು. ಅಕ್ಕ ನನ್ನನ್ನು ನೋಡಿ, "ಗಾಡಿ ತಪ್ಪಿತೇನೋ? ಇರ್ಲಿ, ಮೊದ್ಲ ಊಟ ಮಾಡು" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ಈ ವರ್ಷದ ಮಾತಿಗೆ ಬರೋಣ. ಅದೇ ಅಕ್ಕನಿಗೆ ಕಣ್ಣಿನ ಪೊರೆ ತೆಗೆಸುವುದಿತ್ತು. ಬುಧವಾರ ಮಧ್ಯಾಹ್ನ ಆಪರೇಷನ್. ಭಾವ ತೀರಿಕೊಂಡಿದ್ದಾರೆ, ಮಗ ಪರದೇಶದಲ್ಲಿದ್ದಾನೆ. ನನಗೆ ಮೊಣಕಾಲು ನೋವು. ಡೊಂಬಿವಲಿಯಲ್ಲಿರುವ ನನ್ನ ತಮ್ಮನ ಮಗಳು, ಹತ್ತೊಂಬತ್ತು ವರ್ಷದವಳು, "ನಾನು ಹೋಗ್ತೀನಿ ದೊಡ್ಡಪ್ಪ, ಅತ್ತೆ ಜೊತೆ ಒಂದು ವಾರ ಇರ್ತೀನಿ" ಎಂದಳು. ಒಬ್ಬಳೇ ಹೋಗುವುದು ಅವಳಿಗೆ ಇದೇ ಮೊದಲು. ಮೊಬೈಲಿನಲ್ಲಿ ಯೋಜನೆ ಮಾಡಿಕೊಂಡು ಬಂದು ತೋರಿಸಿದಳು. ಮಂಗಳವಾರ ರಾತ್ರಿ ಗಾಡಿ, ಬುಧವಾರ ಬೆಳಿಗ್ಗೆ ಹುಬ್ಬಳ್ಳಿ, ಅಲ್ಲಿ ಮೂವತ್ತೈದು ನಿಮಿಷ, ಇನ್ನೊಂದು ಗಾಡಿ, ಹನ್ನೆರಡಕ್ಕೆ ಮೊದಲೇ ಕೊಪ್ಪಳ.

ನನಗೆ ಮೀರಜಿನ ಕೆಂಪು ದೀಪ ನೆನಪಾಯಿತು. ಅವಳನ್ನು ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿದೆ. ನೀವೂ ಕೇಳಿಕೊಳ್ಳಿ.

ಒಂದು, ಮೊದಲ ಗಾಡಿ ಸಾಮಾನ್ಯವಾಗಿ ಎಷ್ಟು ತಡವಾಗುತ್ತದೆ? ಇದನ್ನು ಊಹಿಸಬೇಕಾಗಿಲ್ಲ. ಹೊರಡುವ ಮೊದಲು ಒಂದು ವಾರ ದಿನವೂ ಆ ಗಾಡಿ ಹುಬ್ಬಳ್ಳಿಗೆ ಎಷ್ಟು ಹೊತ್ತಿಗೆ ಬಂತು ಎಂದು ಮೊಬೈಲಿನಲ್ಲೇ ನೋಡಿ ಬರೆದಿಟ್ಟುಕೊಳ್ಳಿ. ನಮ್ಮ ಹುಡುಗಿ ಬರೆದಳು. ಏಳು ದಿನದಲ್ಲಿ ಮೂರು ದಿನ ಅವಳ ಮೂವತ್ತೈದು ನಿಮಿಷ ಸಾಲುತ್ತಿರಲಿಲ್ಲ.

ಎರಡು, ತಪ್ಪಿದರೆ ಮುಂದಿನ ಗಾಡಿ ಯಾವಾಗ? ಅರ್ಧ ಗಂಟೆಗೆ ಇನ್ನೊಂದು ಗಾಡಿ ಇದ್ದರೆ ಹದಿನೈದು ನಿಮಿಷದ ಬಿಡುವಿಗೂ ಹೆದರಬೇಕಿಲ್ಲ. ಮರುದಿನವೇ ಮುಂದಿನದು ಎಂದಾದರೆ ಎರಡು ಗಂಟೆಯೂ ಕಡಿಮೆ. ವಾರಕ್ಕೆ ಎರಡು-ಮೂರು ದಿನ ಮಾತ್ರ ಓಡುವ ಗಾಡಿಗಳೂ ಇವೆ, ವಾರ ನೋಡಲು ಮರೆಯಬೇಡಿ.

ಮೂರು, ತಪ್ಪಿದರೆ ಕಳೆದುಕೊಳ್ಳುವುದು ಏನು? ಸುಮ್ಮನೆ ಹಂಪಿ ನೋಡಲು ಹೋಗುವವರಿಗೆ ಅರ್ಧ ದಿನ ಹೋಗುತ್ತದೆ, ಅಷ್ಟೇ. ಮದುವೆ, ಪರೀಕ್ಷೆ, ಆಸ್ಪತ್ರೆ ಇದ್ದರೆ ಒಂದು ದಿನ ಮೊದಲೇ ಹೊರಡಿ. ಅವಳ ಟಿಕೆಟ್ಟನ್ನು ಸೋಮವಾರ ರಾತ್ರಿಗೆ ತೆಗೆಸಿದೆವು.

ಇನ್ನು ಟಿಕೆಟ್ಟಿನ ವಿಚಾರ. ಕೆಲವು ಟಿಕೆಟ್ಟುಗಳು ಗಟ್ಟಿ, ಕೆಲವು ಸಡಿಲ. ಎಲ್ಲಿ ಗಟ್ಟಿ ಬೇಕು, ಎಲ್ಲಿ ಸಡಿಲ ಬೇಕು ಎಂದು ತಿಳಿಯುವುದೇ ಜಾಣತನ.

ರಾತ್ರಿಯ ದೂರದ ಗಾಡಿಗೆ ಗಟ್ಟಿ ಟಿಕೆಟ್ ಬೇಕು, ಅಂದರೆ ಮಲಗಲು ಜಾಗ ಖಾತ್ರಿಯಾಗಿರುವ ಕಾಯ್ದಿರಿಸಿದ ಟಿಕೆಟ್. 2024ರ ನವೆಂಬರ್ 1ರಿಂದ ಕಾಯ್ದಿರಿಸುವ ಅವಧಿಯನ್ನು 120 ದಿನದಿಂದ 60 ದಿನಕ್ಕೆ ಇಳಿಸಿದ್ದಾರೆ. ರಜೆಯ ದಿನಗಳಲ್ಲಿ ಆ ಅರವತ್ತನೇ ದಿನವೇ ಕೂರಬೇಕು. ವೇಟಿಂಗ್ ಲಿಸ್ಟಿನ ಇ-ಟಿಕೆಟ್ ಚಾರ್ಟ್ ಆದ ಮೇಲೂ ಖಾತ್ರಿಯಾಗದಿದ್ದರೆ ತಾನಾಗಿಯೇ ರದ್ದಾಗುತ್ತದೆ, ಅದನ್ನು ಹಿಡಿದು ಗಾಡಿ ಹತ್ತುವಂತಿಲ್ಲ. ಆರ್‌ಎಸಿ ಆದರೆ ಹತ್ತಬಹುದು, ಕೂರಲು ಜಾಗವಂತೂ ಇರುತ್ತದೆ. ತತ್ಕಾಲ್ ಎಂಬುದು ಎಲ್ಲಕ್ಕಿಂತ ಗಟ್ಟಿ. ಖಾತ್ರಿಯಾದ ತತ್ಕಾಲ್ ಟಿಕೆಟ್ಟನ್ನು ನೀವಾಗಿ ರದ್ದು ಮಾಡಿದರೆ ಹಣ ವಾಪಸು ಬರುವುದಿಲ್ಲ. ಸಾಮಾನ್ಯ ಟಿಕೆಟ್ಟಿಗೂ ಗಾಡಿ ಹೊರಡುವ ಹೊತ್ತು ಹತ್ತಿರವಾದಷ್ಟೂ ಕಡಿತ ಹೆಚ್ಚು. ಹೋಗುವುದಿಲ್ಲ ಎಂದು ತಿಳಿದ ದಿನವೇ ರದ್ದು ಮಾಡಿ.

ಎರಡನೆಯ, ಹತ್ತಿರದ ಗಾಡಿಗೆ ಸಡಿಲ ಟಿಕೆಟ್ ಒಳ್ಳೆಯದು. ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿ.ಮೀ., ಕೊಪ್ಪಳ ಅದರ ಎರಡರಷ್ಟು. ಇಷ್ಟಕ್ಕೆ ಕಾಯ್ದಿರಿಸದ ಜನರಲ್ ಟಿಕೆಟ್ ಸಾಕು. ಅದನ್ನು ಹುಬ್ಬಳ್ಳಿ ಮುಟ್ಟಿದ ಮೇಲೆಯೇ ತೆಗೆಯಬೇಕು, ಏಕೆಂದರೆ 199 ಕಿ.ಮೀ. ಒಳಗಿನ ಇಂಥ ಟಿಕೆಟ್ಟಿನಲ್ಲಿ ಕೊಟ್ಟ ಹೊತ್ತಿನಿಂದ ಮೂರು ಗಂಟೆಯ ಒಳಗೆ, ಇಲ್ಲವೇ ಆ ಕಡೆಗೆ ಹೊರಡುವ ಮೊದಲ ಗಾಡಿಯಲ್ಲಿ ಪ್ರಯಾಣ ಶುರುಮಾಡಬೇಕು. ಎಕ್ಸ್‌ಪ್ರೆಸ್ ದರದ ಟಿಕೆಟ್ ಇದ್ದರೆ ಈ ಗಾಡಿ ಹೋದರೆ ಆ ಗಾಡಿ. ಸೂಪರ್‌ಫಾಸ್ಟ್ ಆದರೆ ಮೇಲೆ ಸ್ವಲ್ಪ ಹಣ ಕಟ್ಟಬೇಕು. ಪ್ಯಾಸೆಂಜರ್ ದರದ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಿದರೆ ದಂಡ ಬೀಳುತ್ತದೆ.

ಎರಡನೆಯ ಗಾಡಿಯೂ ದೂರದ್ದಾಗಿದ್ದು ಅದಕ್ಕೂ ಕಾಯ್ದಿರಿಸಬೇಕಾದರೆ, 2019ರ ಏಪ್ರಿಲ್ 1ರಿಂದ ಒಂದು ಅನುಕೂಲವಿದೆ. ಎರಡು ಪಿಎನ್‌ಆರ್ ಸಂಖ್ಯೆಗಳನ್ನು ಒಂದಕ್ಕೊಂದು ಜೋಡಿಸಬಹುದು. ಎರಡರಲ್ಲೂ ಪ್ರಯಾಣಿಕರ ಹೆಸರು ಒಂದೇ ಇರಬೇಕು, ಮೊದಲ ಗಾಡಿ ಇಳಿಯುವ ನಿಲ್ದಾಣವೂ ಎರಡನೆಯದು ಹತ್ತುವ ನಿಲ್ದಾಣವೂ ಒಂದೇ ಆಗಿರಬೇಕು. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ಟಿಡಿಆರ್ ಅರ್ಜಿ ಹಾಕಿ, ಪ್ರಯಾಣ ಮಾಡದ ಭಾಗದ ಹಣವನ್ನು ರದ್ದತಿ ಶುಲ್ಕವಿಲ್ಲದೆ ಪಡೆಯಬಹುದು. ಆದರೆ ನೆನಪಿಡಿ, ಇದರಿಂದ ಹಣ ಸಿಗುತ್ತದೆ, ಮುಂದಿನ ಗಾಡಿಯಲ್ಲಿ ಜಾಗ ಸಿಗುವುದಿಲ್ಲ. ಅದರ ಚಿಂತೆ ನಿಮ್ಮದೇ. ಇನ್ನೊಂದು ಮಾತು: ನೀವು ಹತ್ತುವ ನಿಲ್ದಾಣಕ್ಕೆ ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಹೋಗದಿರಲು ತೀರ್ಮಾನಿಸಿದರೆ ಪೂರ್ಣ ಹಣ ವಾಪಸು ಬರುತ್ತದೆ. ಗಾಡಿ ಹೊರಡುವ ಮುನ್ನವೇ ಅರ್ಜಿ ಹಾಕಿರಬೇಕು.

ದಾರಿಯಲ್ಲಿ ಇಳಿದು ನೋಡಿಕೊಂಡು ಹೋಗುವ ಆಸೆಯುಳ್ಳವರಿಗೆ ಹಳೆಯ ನಿಯಮವೊಂದಿದೆ. 500 ಕಿ.ಮೀ.ಗಿಂತ ದೂರದ ಒಂದೇ ಟಿಕೆಟ್ಟಿನಲ್ಲಿ, ಮೊದಲ 500 ಕಿ.ಮೀ. ಕಳೆದ ಮೇಲೆ ನಡುವೆ ಇಳಿದು ಎರಡು ದಿನ ನಿಲ್ಲಬಹುದು. 1000 ಕಿ.ಮೀ.ವರೆಗಿನ ಟಿಕೆಟ್ಟಿಗೆ ಒಂದು ಸಲ, ಅದಕ್ಕಿಂತ ದೂರಕ್ಕೆ ಎರಡು ಸಲ. ಹೊರಟಲ್ಲಿಗೇ ಮರಳುವ ವೃತ್ತಾಕಾರದ ಪ್ರಯಾಣದ ಟಿಕೆಟ್ಟಿನಲ್ಲಿ ಎಂಟು ಕಡೆ ಇಳಿಯಬಹುದು. ದೂರ ಹೆಚ್ಚಿದಂತೆ ಕಿಲೋಮೀಟರಿಗೆ ದರ ಕಡಿಮೆಯಾಗುವುದರಿಂದ ತುಂಡು ತುಂಡು ಟಿಕೆಟ್ಟಿಗಿಂತ ಇದು ಅಗ್ಗ. ಗೆಳೆಯರೆಲ್ಲ ಸೇರಿ ವಿಜಯಪುರ, ಬಾದಾಮಿ, ಹಂಪಿ ನೋಡುವುದಾದರೆ ದೊಡ್ಡ ನಿಲ್ದಾಣದ ಕೌಂಟರಿನಲ್ಲಿ ವಿಚಾರಿಸಿ. ಪ್ರತಿ ಗಾಡಿಯ ಜಾಗವನ್ನು ಮಾತ್ರ ಬೇರೆಯಾಗಿ ಕಾಯ್ದಿರಿಸಬೇಕು.

ಕೆಲವು ಸಣ್ಣ ಗುಂಡಿಗಳಿವೆ, ಬೀಳಬೇಡಿ.

ರಾತ್ರಿ ಹನ್ನೆರಡು ದಾಟಿದ ಗಾಡಿಯ ತಾರೀಖು. 15ನೇ ತಾರೀಖಿನ 00.20ರ ಗಾಡಿ ಎಂದರೆ 14ರ ರಾತ್ರಿ ಊಟ ಮಾಡಿ ಹೊರಡಬೇಕು. 15ರ ರಾತ್ರಿ ಹೋದವರಿಗೆ ಗಾಡಿ ಹೋಗಿ ಒಂದು ದಿನವಾಗಿರುತ್ತದೆ.

ನಿಲ್ದಾಣದ ಹೆಸರು. ಮುಂಬಯಿಯಲ್ಲಿ ಸಿಎಸ್‌ಎಂಟಿ, ದಾದರ್, ಲೋಕಮಾನ್ಯ ತಿಲಕ್ ಬೇರೆ ಬೇರೆ. ಬೆಂಗಳೂರಿನಲ್ಲಿ ಮೆಜೆಸ್ಟಿಕ್ ಬಳಿಯದು ಒಂದು, ಯಶವಂತಪುರ ಒಂದು, 2022ರಲ್ಲಿ ಶುರುವಾದ ಬೈಯಪ್ಪನಹಳ್ಳಿಯ ಟರ್ಮಿನಲ್ ಇನ್ನೊಂದು. ಮಂಗಳೂರಿನಲ್ಲಿ ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವುದಾದರೆ ನಡುವಿನ ಊರಿನ ಟ್ರಾಫಿಕ್ಕನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹತ್ತುವ ನಿಲ್ದಾಣ. ನಮ್ಮ ಹುಡುಗಿಗೆ ದಾದರಿಗಿಂತ ಕಲ್ಯಾಣ ಹತ್ತಿರ. ಹತ್ತುವ ನಿಲ್ದಾಣವನ್ನು ಮುಂಚಿತವಾಗಿ ಬದಲಿಸಿಕೊಳ್ಳಬಹುದು. ಬದಲಿಸಿದ ಮೇಲೆ ಹಿಂದಿನ ನಿಲ್ದಾಣದಲ್ಲಿ ಹತ್ತುವ ಹಕ್ಕು ಇರುವುದಿಲ್ಲ.

ಪ್ಲಾಟ್‌ಫಾರಂ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹುಬ್ಬಳ್ಳಿಯ ಪ್ಲಾಟ್‌ಫಾರಂ 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಹೆಮ್ಮೆಯ ವಿಷಯವೇ. ಆದರೆ ಚೀಲ ಹೊತ್ತು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಇಪ್ಪತ್ತು ನಿಮಿಷ ಬೇಕು. ಎಳೆಯುವ ಪೆಟ್ಟಿಗೆಗಿಂತ ಬೆನ್ನಿಗೆ ಹಾಕುವ ಚೀಲ ವಾಸಿ.

ಮಳೆಗಾಲ. ಉಡುಪಿ, ಕುಂದಾಪುರ, ಕುಮಟಾ ಕಡೆಯವರು ಗಮನಿಸಿ. ಕೊಂಕಣ ರೈಲಿಗೆ ಜೂನ್ ತಿಂಗಳಿನಿಂದ ಅಕ್ಟೋಬರಿನವರೆಗೆ ಬೇರೆಯೇ ವೇಳಾಪಟ್ಟಿ. ಗುಡ್ಡ ಕುಸಿಯುವ ಭಯಕ್ಕೆ ವೇಗ ತಗ್ಗಿಸುತ್ತಾರೆ. ಮೇ ತಿಂಗಳಲ್ಲಿ ಸರಿಹೊಂದಿದ ಲೆಕ್ಕ ಜುಲೈಯಲ್ಲಿ ಹೊಂದುವುದಿಲ್ಲ.

ಕೊನೆಯದಾಗಿ, ಬಸ್ಸು. ಗಾಡಿ ಕೈಕೊಟ್ಟರೆ ಸರ್ಕಾರಿ ಬಸ್ಸು ಇದ್ದೇ ಇದೆ. ಹೆಣ್ಣುಮಕ್ಕಳಿಗೆ ಒಂದು ಮಾತು. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ಮುಂಬಯಿ ವಿಳಾಸದ ಆಧಾರ್ ತೋರಿಸಿದರೆ ಕಂಡಕ್ಟರ್ ನಕ್ಕು ಟಿಕೆಟ್ ಹರಿಯುತ್ತಾನೆ. ಚಿಲ್ಲರೆ ಇಟ್ಟುಕೊಂಡಿರಿ.

ಇಷ್ಟನ್ನೂ ನಮ್ಮ ಹುಡುಗಿ ಒಂದು ಹಾಳೆಯಲ್ಲಿ ಬರೆದುಕೊಂಡಳು. ಮೊಬೈಲ್ ಸತ್ತರೂ ಹಾಳೆ ಸಾಯುವುದಿಲ್ಲ. ಅದರಲ್ಲಿ ಮೊದಲ ಗಾಡಿ, ಎರಡನೆಯ ಗಾಡಿ, ತಪ್ಪಿದರೆ ಮೂರನೆಯ ಗಾಡಿ, ಅದೂ ಇಲ್ಲದಿದ್ದರೆ ಬಸ್ಸು, ಅತ್ತೆಯ ಮನೆಯ ಫೋನ್ ಸಂಖ್ಯೆ, ರೈಲ್ವೆಯ ಸಹಾಯವಾಣಿ 139.

ಸೋಮವಾರ ರಾತ್ರಿ ಹೊರಟಳು. ಮಂಗಳವಾರ ಬೆಳಿಗ್ಗೆ ಫೋನ್ ಬಂತು. "ದೊಡ್ಡಪ್ಪ, ಗಾಡಿ ಒಂದೂವರೆ ಗಂಟೆ ಲೇಟು. ಎರಡನೇದು ಹೋಯ್ತು." ನನ್ನ ಎದೆ ಧಸಕ್ಕೆಂದಿತು. ಅವಳ ದನಿಯಲ್ಲಿ ಗಾಬರಿ ಇರಲಿಲ್ಲ. "ಟಿಕೆಟ್ ಇನ್ನೂ ತೆಗೆದಿಲ್ಲವಲ್ಲ, ನಷ್ಟ ಏನೂ ಇಲ್ಲ. ಮೂರನೇದಕ್ಕೆ ಟೈಮಿದೆ. ವಿಚಾರಣೆ ಕಿಟಕಿಯಲ್ಲಿ ಕನ್ನಡದಲ್ಲೇ ಕೇಳಿದೆ. ನನ್ನ ಕನ್ನಡ ಕೇಳಿ, ಯಾವೂರವ್ವಾ ನಿಂದು ಅಂದ್ರು. ಕೊಪ್ಪಳ ಅಂದೆ. ಈಗ ತಿಂಡಿ ತಿಂತಿದೀನಿ."

ಮುಂಬಯಿಯಲ್ಲಿ ಹುಟ್ಟಿ ಬೆಳೆದವಳು ಕೊಪ್ಪಳ ಎಂದಳಲ್ಲ, ಅದು ನನಗೆ ಗಾಡಿಗಿಂತ ದೊಡ್ಡ ಸುದ್ದಿ.

ಮಧ್ಯಾಹ್ನ ಮೂರಕ್ಕೆ ಮನೆ ಮುಟ್ಟಿದಳು. ಬುಧವಾರ ಅಕ್ಕನ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮಂಗಳವಾರ ರಾತ್ರಿಯ ಗಾಡಿಗೆ ಹೊರಟು ಅಷ್ಟೇ ತಡವಾಗಿದ್ದರೆ, ಅಕ್ಕ ಒಬ್ಬಳೇ ಹೋಗಬೇಕಾಗಿತ್ತು.

ಗುರುವಾರ ಪಟ್ಟಿ ಬಿಚ್ಚಿದ ಮೇಲೆ ಅಕ್ಕನೇ ಫೋನ್ ಮಾಡಿದಳು. "ಕಣ್ಣು ಛಲೋ ಕಾಣತಾವೋ ತಮ್ಮಾ. ಈ ಹುಡುಗಿ ನಿನಗಿಂತ ಶಾಣ್ಯಾ ಅದಾಳ ನೋಡು, ಗಾಡಿ ತಪ್ಪಿದ್ರೂ ಹೊತ್ತಿಗೆ ಸರಿಯಾಗಿ ಬಂದ್ಲು."

ಇಷ್ಟು ವರ್ಷಗಳ ಮೇಲೆ ಬೈಗುಳ ಬಂತು. ನನಗೂ ಸಮಾಧಾನವಾಯಿತು.

ಹೋಗಿ ಬನ್ನಿ, ಗೆಳೆಯರೇ. ನಿಮ್ಮ ಗಾಡಿ ತಪ್ಪಿದ ಕಥೆಗಳನ್ನು ಬರೆದು ಕಳಿಸಿ. ಕಾಗುಣಿತ ತಪ್ಪಿದ್ದರೂ ಚಿಂತೆಯಿಲ್ಲ, ನಾವು ತಿದ್ದಿಕೊಳ್ಳುತ್ತೇವೆ. ಮುಂದಿನ ತಿಂಗಳು ಇದೇ ಪುಟದಲ್ಲಿ ಸಿಗೋಣ.