ಮಸಿ ಹತ್ತಿದ ಕೈಗೆ ನಾಚಿಕೆಯೇಕೆ?

ವಿದ್ಯೆ ಬಂದೊಡನೆ ಕೈಕೆಲಸ ಬಿಡಬೇಕೆಂಬ ಭಾವನೆ ನಮ್ಮಲ್ಲಿ ಹೇಗೋ ಬೇರೂರಿಬಿಟ್ಟಿದೆ. ಕಾಲೇಜಿಗೆ ಹೋಗುವ ಮಗ ಸ್ಪ್ಯಾನರು ಹಿಡಿದರೆ ಮನೆಯವರಿಗೆ ಅದು ಅವಮಾನ. ಮಗನಿಗೂ ಒಳಗೊಳಗೇ ನಾಚಿಕೆ. ಈ ಭಾವನೆ ತಪ್ಪು ಮಾತ್ರವಲ್ಲ, ನಮ್ಮಂಥ ಮನೆಗಳಿಗೆ ನಷ್ಟಕರವೂ ಹೌದು ಎಂಬುದು ನನ್ನ ಅಭಿಪ್ರಾಯ. ಇದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಅಂಗಳದಲ್ಲಿ ಕಲಿತದ್ದು.

ನಮ್ಮೂರು ವಿದುರಾಶ್ವತ್ಥ. ನಮ್ಮ ತಂದೆಯವರು ಹಳೆಯ ಡೀಸೆಲ್ ಗಾಡಿಯೊಂದನ್ನು ಬಾಡಿಗೆಗೆ ಓಡಿಸುತ್ತಾರೆ. ನನ್ನ ಶುಲ್ಕ, ತಂಗಿಯ ಪುಸ್ತಕ, ಮನೆಯ ರಾಗಿ ಎಲ್ಲವೂ ಆ ಗಾಡಿಯಿಂದಲೇ ಬರಬೇಕು. ಜಾತ್ರೆಯ ಕಾಲದಲ್ಲಿ ನಾಲ್ಕು ಕಾಸು ಹೆಚ್ಚು ಸಿಗುತ್ತದೆ. ಸರಿಯಾಗಿ ಅದೇ ವೇಳೆಗೆ ಗಾಡಿ ಕುದಿಯತೊಡಗಿತು. ವೀರಸೌಧದ ಮುಂದೆ ಜನಸಂದಣಿಯಲ್ಲಿ ನಿಂತಾಗ ಬಾನೆಟ್ಟಿನಿಂದ ಹಬೆ ಎದ್ದು, ಕುಳಿತಿದ್ದ ಬಾಡಿಗೆಯವರು ಇಳಿದು ಹೋದರು. ಗ್ಯಾರೇಜೊಂದರಲ್ಲಿ ರೇಡಿಯೇಟರನ್ನೇ ಬದಲಿಸಬೇಕೆಂದರು. ತಂದೆಯವರು ಬಡ್ಡಿ ಸಾಲಕ್ಕೆ ಹೊರಟರು.

ತರ್ಕಶಾಸ್ತ್ರದ ತರಗತಿಯಲ್ಲಿ ಕುಳಿತ ನನಗೆ ಒಂದು ಸಂಶಯ ಬಂತು. ಗೌರಿಬಿದನೂರಿನ ಬಯಲು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಮುಳ್ಳು ಏರುತ್ತಿರಲಿಲ್ಲ. ನಂದಿ ಬೆಟ್ಟದ ಏರಿನಲ್ಲಿ, ಜಾತ್ರೆಯ ಸಂದಣಿಯಲ್ಲಿ ಮಾತ್ರ ಏರುತ್ತಿತ್ತು. ರೇಡಿಯೇಟರು ಕಟ್ಟಿಕೊಂಡಿದ್ದರೆ ವೇಗದಲ್ಲಿಯೂ ಕಾಯಬೇಕಲ್ಲವೆ? ಓಡುವ ಗಾಡಿಗೆ ಗಾಳಿ ತಾನಾಗಿ ಬರುತ್ತದೆ; ನಿಧಾನಿಸಿದ ಗಾಡಿಗೆ ಫ್ಯಾನು ಎಳೆದುಕೊಡಬೇಕು. ಆದುದರಿಂದ ದೋಷ ಫ್ಯಾನಿನ ಕಡೆಗಿರಬೇಕು.

ಇಂಥ ಗಾಡಿಗಳಲ್ಲಿ ಫ್ಯಾನು ಎಂಜಿನ್ನಿಗೆ ನೇರವಾಗಿ ಕಚ್ಚಿರುವುದಿಲ್ಲ. ನಡುವೆ ಕಪ್ಲಿಂಗ್ ಎಂಬ ಮುಚ್ಚಿದ ಡಬ್ಬಿಯಿದೆ. ಅದರೊಳಗೆ ಗಟ್ಟಿಯಾದ ಸಿಲಿಕೋನ್ ಎಣ್ಣೆ. ಮುಂಭಾಗದಲ್ಲಿ ಎರಡು ಲೋಹಗಳನ್ನು ಬೆಸೆದ ಸುರುಳಿ. ರೇಡಿಯೇಟರಿನಿಂದ ಬಿಸಿಗಾಳಿ ತಾಕಿದಾಗ ಆ ಸುರುಳಿ ತಿರುಗಿ ಬಾಗಿಲು ತೆರೆಯುತ್ತದೆ. ಎಣ್ಣೆ ಹರಿದು ಒಳಗಿನ ತಟ್ಟೆಗಳನ್ನು ಹಿಡಿಯುತ್ತದೆ. ಫ್ಯಾನು ಜೋರಾಗಿ ತಿರುಗುತ್ತದೆ. ತಂಪಾದಾಗ ಹಿಡಿತ ಸಡಿಲಿ ಇಂಧನ ಉಳಿಯುತ್ತದೆ. ಎಣ್ಣೆ ಸೋರಿಹೋದರೆ ಬೇಕಾದಾಗಲೂ ಹಿಡಿತವಿಲ್ಲ. ನಮ್ಮ ಗಾಡಿಯ ಕಪ್ಲಿಂಗಿನ ಸುತ್ತ ಎಣ್ಣೆಯ ಜಿಡ್ಡು ಗೆರೆಗೆರೆಯಾಗಿ ಅಂಟಿತ್ತು. ಕಾದ ಎಂಜಿನ್ನನ್ನು ನಿಲ್ಲಿಸಿ, ಬೀಗದ ಕೈ ತೆಗೆದು, ಫ್ಯಾನನ್ನು ಬೆರಳಿನಿಂದ ತಳ್ಳಿದರೆ ತಡೆಯೇ ಇಲ್ಲದೆ ಸುತ್ತಿತು.

ಹೊಸ ಕಪ್ಲಿಂಗನ್ನು ತಂದು ನಾವೇ ಹಾಕೋಣವೆಂದೆ. ತಂದೆಯವರು ಸಿಟ್ಟಾದರು: “ಕೈಗೆ ಗ್ರೀಸು ಬಳಕೊಳ್ಳೋಕೆ ನಿನ್ನ ಬಿ.ಎ. ಓದಿಸ್ತಾ ಇದೀನೇನಪ್ಪಾ?” ನಾನು ಉತ್ತರ ಕೊಡಲಿಲ್ಲ. ಬೆಳಗಿನ ಹೊತ್ತು, ಎಂಜಿನ್ನು ಪೂರ್ಣ ತಣ್ಣಗಿರುವಾಗ, ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆ. ರೇಡಿಯೇಟರಿನ ತೆಳು ರೆಕ್ಕೆಗಳಿಗೆ ಪೆಟ್ಟಾಗದಂತೆ ರಟ್ಟು ಅಡ್ಡವಿಟ್ಟು, ಫ್ಯಾನಿನ ಸುತ್ತಿನ ಕವಚ ಸಡಿಲಿಸಿದೆ. ಬೆಲ್ಟು ಬಿಗಿಯಾಗಿರುವಾಗಲೇ ನಾಲ್ಕು ನಟ್ಟುಗಳನ್ನು ಸಡಿಲ ಮಾಡಬೇಕು. ಇಲ್ಲವಾದರೆ ಪುಲ್ಲಿಯೇ ತಿರುಗುತ್ತದೆ. ಕೆಲವು ಗಾಡಿಗಳಲ್ಲಿ ಒಂದೇ ದೊಡ್ಡ ನಟ್ಟಿದ್ದು, ಅದರ ಮರೆ ಎಡಗಡೆಯದಾಗಿರುವುದುಂಟು. ಅರಿಯದೆ ಬಲ ಹಾಕಿದರೆ ಕೆಡುಕು. ಮೂರನೆಯ ನಟ್ಟು ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ. ಆಗ ತಂದೆಯವರು ಮಾತಿಲ್ಲದೆ ಬಂದು ಪಕ್ಕದಲ್ಲಿ ಕುಳಿತರು. ಸೀಮೆಎಣ್ಣೆ ಬಿಟ್ಟು, ಕಾದು, ಮೆಲ್ಲಗೆ ತಟ್ಟುವ ಹದ ಅವರಿಗೆ ಗೊತ್ತಿತ್ತು. ಕಾರಣ ನನಗೆ ತಿಳಿದಿತ್ತು. ಹದ ಅವರಿಗೆ ತಿಳಿದಿತ್ತು. ಎರಡೂ ಸೇರದಿದ್ದರೆ ಆ ನಟ್ಟು ಮುರಿಯುತ್ತಿತ್ತು.

ವಾಟರ್ ಪಂಪಿನ ಬೇರಿಂಗು ಅಲುಗುವುದಿಲ್ಲವೆಂದು ನೋಡಿ, ಫ್ಯಾನಿನ ರೆಕ್ಕೆಗಳಲ್ಲಿ ಬಿರುಕಿಲ್ಲವೆಂದು ನೋಡಿ, ಹೊಸದನ್ನು ಕೂರಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದೆವು. ಮೊದಲು ಚಾಲೂ ಮಾಡಿದಾಗ ಫ್ಯಾನು ಭೋರೆಂದಿತು. ಒಳಗಿನ ಎಣ್ಣೆ ತನ್ನ ಸ್ಥಳಕ್ಕೆ ಸೇರಿದ ಮೇಲೆ ಸುಮ್ಮನಾಯಿತು. ಮರುದಿನ ಗಾಡಿ ಬಾಡಿಗೆಗೆ ಹೋಯಿತು. ಸಾಲದ ಮಾತು ನಿಂತಿತು.

ಮೆಕ್ಯಾನಿಕರ ಅನ್ನ ಕಸಿಯಬೇಕೆಂದು ನಾನು ಹೇಳುತ್ತಿಲ್ಲ. ಬ್ರೇಕಿನಂಥ ಕೆಲಸವನ್ನು ಅರಿತವರಿಗೇ ಬಿಡುವುದು ವಿವೇಕ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯುವುದೂ, ತಿರುಗುವ ಫ್ಯಾನಿನ ಹತ್ತಿರ ಕೈಯೊಡ್ಡುವುದೂ ಸಾಹಸವಲ್ಲ, ಮೂರ್ಖತನ. ಆದರೆ ತನ್ನ ಬದುಕು ಯಾವ ಯಂತ್ರವನ್ನು ನಂಬಿದೆಯೋ ಅದರ ವಿಷಯದಲ್ಲಿ ಪ್ರಶ್ನೆ ಕೇಳುವಷ್ಟು ತಿಳಿವಳಿಕೆ ಬಡವನಿಗೆ ಬೇಕೇ ಬೇಕು. ಪ್ರಶ್ನಿಸದೆ ಒಪ್ಪಬೇಡಿರೆಂದು ಬದುಕಿನುದ್ದಕ್ಕೂ ಹೇಳಿದ ಎಚ್. ನರಸಿಂಹಯ್ಯನವರು ನಮ್ಮ ತಾಲ್ಲೂಕಿನ ಹೊಸೂರಿನವರೇ. ಯಂತ್ರ ನಿರ್ಮಾಣದಲ್ಲಿ ದೇಶ ಸ್ವತಂತ್ರವಾಗಬೇಕೆಂದು 1930ರ ದಶಕದಲ್ಲಿಯೇ ಮೋಟಾರು ಕಾರ್ಖಾನೆಗಾಗಿ ಶ್ರಮಿಸಿದ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ನಮಗೆ ದೂರವಲ್ಲ. 1938ರ ಏಪ್ರಿಲ್ 25ರಂದು ನಮ್ಮೂರಿನ ಮಣ್ಣಿನಲ್ಲಿ ಧ್ವಜಕ್ಕಾಗಿ ಜನ ಪ್ರಾಣ ತೆತ್ತರು. ಇಂಥ ನೆಲದಲ್ಲಿ ಹುಟ್ಟಿ, ಸ್ವಾವಲಂಬನೆಯನ್ನು ಪರೀಕ್ಷೆಯ ಪ್ರಬಂಧಕ್ಕೆ ಮಾತ್ರ ಮೀಸಲಿಡುವುದು ನಮಗೆ ಶೋಭಿಸುವುದಿಲ್ಲ.

ಕಲಾ ವಿಭಾಗದ ವಿದ್ಯಾರ್ಥಿಗಳಿಗೂ ವಾರಕ್ಕೊಂದು ಗಂಟೆ ಕೈಕೆಲಸದ ತರಗತಿ ಇರಲಿ; ಊರಿನ ಅನುಭವಿ ಮೆಕ್ಯಾನಿಕರೇ ಅಲ್ಲಿ ಗುರುಗಳಾಗಲಿ. ಅವರು ಹೇಳಿದ್ದನ್ನು ತಿಳಿಗನ್ನಡದಲ್ಲಿ ಬರೆದಿಡುವ ಕೆಲಸ ನಮ್ಮದಾಗಲಿ. ನಮ್ಮ ಮನೆಯಲ್ಲಿ ಪದವಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪದವಿಪತ್ರ ಹಿಡಿಯುವ ದಿನ ಕೈಯಲ್ಲಿ ಮಸಿಯಿದ್ದರೆ ಕಾಗದ ಕೊಳೆಯಾದೀತೆಂದು ಯಾರಾದರೂ ಹೇಳಬಹುದು. ಮಸಿಯನ್ನು ಸೋಪಿನಿಂದ ತೊಳೆದುಕೊಳ್ಳಬಹುದು. ತಂದೆಯ ಕೆಲಸಕ್ಕೆ ನಾಚುವ ಮನಸ್ಸನ್ನು ತೊಳೆಯುವ ಸೋಪು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ.